ಬರಿಗೈಯಲ್ಲಿ ಬಾ

ಆಲ್ಬಿನಾ ಪೊಕೋರ್ನಿಯ ಮನೆಯ ಹಿಂದೆ, ಬಟ್ಟೆ ಒಣಹಾಕುವ ತಂತಿಯ ಆಚೆಗೆ, ಒಂದು ನೆಲಮಾಳಿಗೆ ಇತ್ತು. ಅವಳ ಗಂಡನ ಅಜ್ಜ ನೆಬ್ರಾಸ್ಕಾದ ಆ ಬಯಲಿಗೆ ಬಂದು ಜಮೀನು ಹಿಡಿದಾಗ ಮನೆ ಕಟ್ಟುವುದಕ್ಕೂ ಮುಂಚೆ ಅಗೆದದ್ದು ಅದನ್ನು. ಮೇಲೆ ಹುಲ್ಲು ಬೆಳೆದ ದಿಬ್ಬ. ದಿಬ್ಬದ ಮಗ್ಗುಲಿಗೆ ಓರೆಯಾಗಿ ಮಲಗಿದ ಓಕ್ ಹಲಗೆಯ ಬಾಗಿಲು, ಅದಕ್ಕೊಂದು ತಗಡಿನ ಹೊದಿಕೆ. ಸುಂಟರಗಾಳಿ ಬಂದಾಗ ಮನುಷ್ಯರು ಇಳಿದು ಕೂರಲಿ ಎಂದು ತೋಡಿದ ಜಾಗವೇನೋ ನಿಜ. ಆದರೆ ಅಲ್ಲಿ ವರ್ಷವಿಡೀ ವಾಸವಿದ್ದವರು ಬೀಟ್ರೂಟು, ಸೌತೆಕಾಯಿ, ಪ್ಲಮ್ ಹಣ್ಣು, ಹುಳಿ ಬರಿಸಿದ ಎಲೆಕೋಸು. ಗಾಜಿನ ಜಾಡಿಗಳಲ್ಲಿ, ಮುಚ್ಚಳ ಬಿಗಿದುಕೊಂಡು, ಗೋಡೆಯ ಉದ್ದಕ್ಕೂ ನಿಂತಿರುತ್ತಿದ್ದವು.

"ಗಾಳಿ ಬಂದ್ರೆ ನಿನ್ನ ಉಪ್ಪಿನಕಾಯಿ ಎಲ್ಲಾ ಉಳ್ಕೊಳ್ತದೆ. ನಾವಿಬ್ರೂ ಹಾರ್ಕೊಂಡು ಅಯೋವಾಕ್ಕೆ ಹೋಗ್ತೀವಿ," ಎಂದು ಲೂಮಿರ್ ಪ್ರತಿ ವರ್ಷ ಹೇಳುತ್ತಿದ್ದ.

"ನೀನು ಹೇಗೂ ಕೆಳಗೆ ಇಳಿಯೋನಲ್ಲ. ನಿನಗ್ಯಾಕೆ ಜಾಗ?" ಎಂದು ಅವಳೂ ಪ್ರತಿ ವರ್ಷ ಹೇಳುತ್ತಿದ್ದಳು.

ಅದು ಸುಳ್ಳಲ್ಲ. ಸೈರನ್ ಕೂಗಿದರೆ ಹೆಂಗಸರು ಮಕ್ಕಳು ಕೆಳಗಿಳಿಯಬೇಕು, ಗಂಡಸರು ಅಂಗಳಕ್ಕೆ ಬಂದು ಕೈಕಟ್ಟಿ ನಿಂತು ನೈಋತ್ಯದ ಆಕಾಶ ನೋಡಬೇಕು. ಆ ಕೌಂಟಿಯಲ್ಲಿ ಯಾರೂ ಕಲಿಸದೆ ನಡೆದುಬಂದ ಪದ್ಧತಿ ಇದು. ಜಲ್ಲಿ ರಸ್ತೆಯ ಉದ್ದಕ್ಕೂ ಮನೆಗೊಬ್ಬ ಗಂಡಸು ಬೇಲಿಗೂಟದ ಹಾಗೆ ನಿಂತಿರುತ್ತಿದ್ದ. ದೂರದಿಂದಲೇ ಒಬ್ಬರಿಗೊಬ್ಬರು ಕೈಯೆತ್ತುತ್ತಿದ್ದರು. ಲೂಮಿರ್ ಸಣ್ಣವನಿದ್ದಾಗ ಬಂದ ಗಾಳಿಯೊಂದು ಪಕ್ಕದವರ ಕೊಟ್ಟಿಗೆಯನ್ನು ಪೂರ್ತಿ ಎತ್ತಿಕೊಂಡು ಹೋಗಿ, ಒಳಗಿದ್ದ ಹಸುವನ್ನು ಮಾತ್ರ ಇದ್ದಲ್ಲೇ ಬಿಟ್ಟುಹೋಗಿತ್ತು. ಹಸು ಮಳೆಯಲ್ಲಿ ನಿಂತು ಮೆಲುಕು ಹಾಕುತ್ತಿತ್ತು. ಅದನ್ನು ಕಣ್ಣಾರೆ ಕಂಡ ಮೇಲೆ, ಮತ್ತೆ ಅಂಥದ್ದೇನಾದರೂ ಬಂದರೆ ನೋಡದೆ ಬಿಡಬಾರದು ಎಂದು ಅವನಿಗೆ ಅನ್ನಿಸಿಬಿಟ್ಟಿತ್ತು. ಆಲ್ಬಿನಾ ಅವನನ್ನು ಕರೆಯುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಅವಳಿಗಿದ್ದ ಚಿಂತೆ ಬೇರೆ. ರಸ್ತೆಯಾಚೆ, ಮುಂಚೆ ಶಾಲೆ ಇದ್ದ ಜಾಗದಲ್ಲಿ, ಹೋದ ವರ್ಷ ಮನೆಯೊಂದು ಲಾರಿಯ ಮೇಲೆ ಬಂದು ಇಳಿದಿತ್ತು. ಉದ್ದನೆಯ ಡಬ್ಬಿಯಂಥ ಟ್ರೈಲರ್ ಮನೆ. ಕೆಳಗೆ ಇಟ್ಟಿಗೆಯ ಕಂಬಗಳ ಮೇಲೆ ಕೂರಿಸಿ, ಸುತ್ತ ತೆಳು ತಗಡು ಹೊಡೆದಿದ್ದರು. ಅದರಲ್ಲಿ ಇದ್ದವರು ಕೆಂಡ್ರಾ, ಅವಳ ಗಂಡ ಡಾರಿನ್, ಆಗಷ್ಟೇ ಓಡಲು ಕಲಿತ ಮಗಳು ಹೇಝಲ್. ಡಾರಿನ್ ಪೇಟೆಯ ಧಾನ್ಯದ ಗೋದಾಮಿನಲ್ಲಿ ಕೆಲಸಕ್ಕಿದ್ದ. ಕೆಂಡ್ರಾ ವೃದ್ಧರ ಮನೆಯ ಅಡುಗೆಕೋಣೆಯಲ್ಲಿ ಬೆಳಗಿನ ಪಾಳಿ ಮಾಡುತ್ತಿದ್ದಳು. ಒಳ್ಳೆಯ ಹುಡುಗಿ, ದಾರಿಯಲ್ಲಿ ಕಂಡರೆ ಕಾರು ನಿಲ್ಲಿಸಿ ಮಾತಾಡಿಸದೆ ಹೋದವಳಲ್ಲ.

ಆ ವಸಂತದಲ್ಲಿ ಕೌಂಟಿಯ ವಿಪತ್ತು ಕಚೇರಿಯವನೊಬ್ಬ ಚರ್ಚಿನ ಸಭಾಂಗಣಕ್ಕೆ ಬಂದು ಮಾತಾಡಿದ. ಮಾತು ಮುಗಿದ ಮೇಲೆ ಹಣ್ಣಿನ ಪೈ ಕೊಡುತ್ತಾರೆ ಎಂದು ಹೇಳಿದ್ದರಿಂದ ಜನ ತುಂಬಿದ್ದರು. ಕುಡಿಯುವ ನೀರು ತೆಗೆದಿಡಿ, ಟಾರ್ಚು ರೇಡಿಯೋ ಕೈಗೆ ಸಿಗುವ ಹಾಗಿರಲಿ, ಕಾಲಿಗೆ ಗಟ್ಟಿ ಬೂಟು ಹಾಕಿಕೊಳ್ಳಿ, ಮಕ್ಕಳ ತಲೆಗೆ ಸೈಕಲ್ ಹೆಲ್ಮೆಟ್ ತೊಡಿಸಿ ಎಂದೆಲ್ಲ ಹೇಳಿ, ಕೊನೆಗೆ ಆತ, "ಟ್ರೈಲರ್ ಮನೇಲಿ ಇರೋರು ದಯವಿಟ್ಟು ಅಲ್ಲಿ ಕೂರಬೇಡಿ. ಎಷ್ಟೇ ಬಿಗಿದು ಕಟ್ಟಿದ್ರೂ ಅದು ನಿಲ್ಲಲ್ಲ. ಮೋಡ ಕಟ್ಟಿದ ಕೂಡ್ಲೇ ನೆರೆಯವರ ನೆಲಮಾಳಿಗೆಗೆ ಹೋಗಿ," ಎಂದ.

ಆಲ್ಬಿನಾ ಕತ್ತು ತಿರುಗಿಸಿ ಕೆಂಡ್ರಾಳನ್ನು ನೋಡಿದಳು. ಕೆಂಡ್ರಾ ಮಗುವಿನ ಬಾಯಿ ಒರೆಸುತ್ತಿದ್ದಳು.

ಹೊರಗೆ ಬಂದ ಮೇಲೆ ಆಲ್ಬಿನಾ ಅವಳಿಗೆ ಹೇಳಿದಳು. "ಸೈರನ್ ಕೂಗಿದ್ರೆ ನಮ್ಮಲ್ಲಿಗೆ ಬಂದ್ಬಿಡು ಕಣಮ್ಮ."

"ಅಯ್ಯೋ, ನಿಮಗ್ಯಾಕೆ ತೊಂದ್ರೆ ಮಿಸೆಸ್ ಪೊಕೋರ್ನಿ."

"ತೊಂದ್ರೆ ಏನು ಬಂತು? ಜಾಗ ಬೇಕಾದಷ್ಟಿದೆ."

"ಇಲ್ಲ ಇಲ್ಲ, ನಾವು ಹೇಗೋ ನೋಡ್ಕೊಳ್ತೀವಿ."

"ನಿಜವಾಗ್ಲೂ ಹೇಳ್ತಿದೀನಿ. ಬಾ."

"ಆಗ್ಲಿ, ಆಗ್ಲಿ. ತುಂಬಾ ಥ್ಯಾಂಕ್ಸ್."

ಆ ಕಡೆ ಯಾವುದನ್ನೂ ಮೊದಲ ಸಲಕ್ಕೆ ಒಪ್ಪಿಕೊಳ್ಳುವ ಪದ್ಧತಿ ಇಲ್ಲ. ಮೂರನೇ ಸಲಕ್ಕೆ ಹೂಂ ಅನ್ನಬೇಕು. ಕೆಂಡ್ರಾ ಮೂರನೇ ಸಲಕ್ಕೆ ಹೂಂ ಅಂದಿದ್ದಳು. ಆದರೂ ಆ 'ಆಗ್ಲಿ' ಬರುತ್ತೇನೆ ಎಂಬುದೋ, ಸಾಕು ಬಿಡಿ ಎಂಬುದೋ ಆಲ್ಬಿನಾಗೆ ಬಗೆಹರಿಯಲಿಲ್ಲ.

ಮೇ ತಿಂಗಳ ಒಂದು ಸಂಜೆ ಸೈರನ್ ಕೂಗಿತು. ಬುಧವಾರದ ಪರೀಕ್ಷೆಯ ಕೂಗಲ್ಲ. ನಿಲ್ಲದೆ ಏರಿ ಇಳಿಯುವ ಕೂಗು. ಆಕಾಶ ಪೆಟ್ಟು ಬಿದ್ದು ಕಂದಿದ ಚರ್ಮದ ಹಾಗೆ ಹಸಿರಾಗಿತ್ತು. ಆಲ್ಬಿನಾ ರೇಡಿಯೋ ಹಿಡಿದು ನೆಲಮಾಳಿಗೆಯ ಮೆಟ್ಟಿಲವರೆಗೆ ಹೋದಳು, ಅಲ್ಲೇ ನಿಂತಳು. ಲೂಮಿರ್ ಅಂಗಳದಲ್ಲಿ ಕೈಕಟ್ಟಿ ನಿಂತಿದ್ದ. ರಸ್ತೆಯಾಚೆಯ ಟ್ರೈಲರಿನ ಅಡುಗೆಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಕಾರು ಅಲ್ಲಾಡಲಿಲ್ಲ.

"ಅವರು ಬರ್ತಾರಾ ನೋಡು!" ಎಂದು ಕೂಗಿದಳು.

"ಗೋಡೆಯಂಥ ಮೋಡ ಕಣೇ, ತಿರುಗ್ತಾ ಇದೆ!" ಎಂದು ಅವನು ಕೂಗಿದ.

"ಮೋಡ ಕೇಳಿದ್ನಾ ನಾನು?"

ಆಲಿಕಲ್ಲು ಬಿತ್ತು. ತಗಡಿನ ಬಾಗಿಲ ಮೇಲೆ ಯಾರೋ ಚೀಲದಿಂದ ಅಡಿಕೆ ಸುರಿದ ಹಾಗೆ ಸದ್ದು. ಆಗ ಕಾರಿನ ದೀಪ ಹೊತ್ತಿಕೊಂಡಿತು. ಕಾರು ರಸ್ತೆ ದಾಟಿ, ಅಂಗಳದ ಹುಲ್ಲಿನ ಮೇಲೆಯೇ ಬಂದು ನಿಂತಿತು. ಕೆಂಡ್ರಾ ಇಳಿದು ಓಡಿಬಂದಳು. ಸೊಂಟದಲ್ಲಿ ಹೆಲ್ಮೆಟ್ ತೊಟ್ಟ ಮಗು. ಇನ್ನೊಂದು ಕೈಯಲ್ಲಿ, ಬಟ್ಟೆ ಮುಚ್ಚಿದ, ಹಬೆಯಾಡುವ ಟ್ರೇ. ಹಿಂದೆಯೇ ಡಾರಿನ್, ಅವನ ಬಗಲಿನಲ್ಲಿ ಕಾಗದದ ತಟ್ಟೆಗಳ ಕಟ್ಟು.

"ಎಲ್ಲೇ ಇದ್ದೆ ಇಷ್ಟೊತ್ತು?" ಎಂದಳು ಆಲ್ಬಿನಾ.

"ರೂಬಾರ್ಬ್ ದಂಟಿನ ಕೇಕು ಓವನ್‌ನಲ್ಲಿತ್ತು. ನಡುವೆ ಇನ್ನೂ ಬೆಂದಿರಲಿಲ್ಲ," ಎಂದಳು ಕೆಂಡ್ರಾ ಏದುಸಿರು ಬಿಡುತ್ತಾ. "ಮೊದಲ್ನೇ ಸಲ ಬರ್ತಿರೋದು. ಬರಿಗೈಯಲ್ಲಿ ಹೇಗೆ ಬರೋದು?"

ಲೂಮಿರ್ ಹೊರಗಿನಿಂದಲೇ ಬಾಗಿಲು ಎತ್ತಿ ಮುಚ್ಚಿದ. ಗಾಳಿ ಅದನ್ನು ಕಿತ್ತುಕೊಳ್ಳುತ್ತಿತ್ತು. ಮತ್ತೆ ಮತ್ತೆ ಎಳೆಯಬೇಕಾಯಿತು. ಅವನು ನೋವಿಗೆ ಮುಲುಗಿದ್ದು ಕೆಳಗಿದ್ದ ಆಲ್ಬಿನಾಗೆ ಕೇಳಿಸಿತು. ಚಳಿಗಾಲದಲ್ಲಿ ಟ್ರ್ಯಾಕ್ಟರಿನ ಮೆಟ್ಟಿಲಿಂದ ಜಾರಿಬಿದ್ದಂದಿನಿಂದ ಅವನ ಎಡ ಭುಜ ಸರಿಯಿರಲಿಲ್ಲ. ಅವನು ಹೇಳಿರಲಿಲ್ಲ, ಅವಳು ಕೇಳಿರಲಿಲ್ಲ.

ಆ ಗಾಳಿ ಉತ್ತರಕ್ಕೆ ಸರಿದು, ಯಾರದೋ ಯಂತ್ರದ ಕೊಟ್ಟಿಗೆಯ ಮಾಡು ಕಿತ್ತು ಹೋಯಿತು. ಯಾರಿಗೂ ಏನೂ ಆಗಲಿಲ್ಲ. ನೆಲಮಾಳಿಗೆಯಲ್ಲಿ ಬೀಟ್ರೂಟಿನ ಜಾಡಿಗಳ ನಡುವೆ ಮೊಣಕಾಲು ಮಡಿಸಿ ಕೂತು ಕೆಳಗಿದ್ದವರೆಲ್ಲ ಬಿಸಿ ಕೇಕು ತಿಂದರು. ಕೇಕು ಚೆನ್ನಾಗಿತ್ತು. ಅದೇ ಆಲ್ಬಿನಾಗೆ ಹೆಚ್ಚು ಸಿಟ್ಟು ತರಿಸಿತು.

"ಆ ಹುಡುಗಿ ಮರ್ಯಾದೆಗೇ ಪ್ರಾಣ ಬಿಡ್ತಾಳೆ," ಎಂದಳು ಗಂಡನಿಗೆ ಮರುದಿನ.

"ಬಯ್ಯಬೇಕಿತ್ತು."

"ಕೇಕು ತಂದೋಳನ್ನ ಬಯ್ಯೋದಾ? ನಿಮ್ಮಮ್ಮ ಗೋರಿಯಿಂದ ಎದ್ದು ಬರ್ತಾಳೆ."

ಹಾಗೆಂದು ಕೆಂಡ್ರಾಳ ಟ್ರೇಯನ್ನು ತೊಳೆದು ಖಾಲಿ ಕಳಿಸುವುದು ಆಗುತ್ತದೆಯೇ? ಆಲ್ಬಿನಾ ಬೆಳಿಗ್ಗೆಯೇ ಹಿಟ್ಟು ನಾದಿ ಕೊಲಾಚಿ ಮಾಡಿದಳು. ನಡುವೆ ಪ್ಲಮ್ ಪಾಕ, ಗಸಗಸೆ ಪಾಕ ತುಂಬಿದ ಆ ಮೆತ್ತನೆಯ ಬನ್ನುಗಳನ್ನು ಟ್ರೇ ತುಂಬ ಒತ್ತಿ ಜೋಡಿಸಿ, ಜೊತೆಗೆ ಬೀಟ್ರೂಟಿನ ಎರಡು ಜಾಡಿಯನ್ನೂ ಹಿಡಿದು ರಸ್ತೆ ದಾಟಿ ಕೊಟ್ಟುಬಂದಳು. ಕೆಂಡ್ರಾ, "ಇಷ್ಟೆಲ್ಲಾ ಯಾಕೆ" ಎಂದಳು. ಅವಳ ಮುಖ ಸ್ವಲ್ಪ ಇಳಿದಂತೆ ಕಂಡಿತು. ಬೆಳಗಿನ ಪಾಳಿಯ ಸುಸ್ತಿರಬೇಕು ಎಂದುಕೊಂಡಳು ಆಲ್ಬಿನಾ.

ತಿಂಗಳ ಕೊನೆಗೆ ಸೈರನ್ ಮತ್ತೆ ಕೂಗಿತು. ಆಲ್ಬಿನಾ ಮೆಟ್ಟಿಲ ಮೇಲೆ ನಿಂತು ಕಾದಳು. ಟ್ರೈಲರಿನೊಳಗೆ ದೀಪ ಉರಿಯಿತು, ಆರಿತು, ಮತ್ತೆ ಉರಿಯಿತು. ಕಿಟಕಿಯಲ್ಲಿ ಯಾರೋ ಬಂದು ಆಕಾಶ ನೋಡಿ ಹೋದರು. ಕಾರು ಅಲ್ಲಾಡಲಿಲ್ಲ. ಲೂಮಿರ್ ಕೈಬೀಸಿ ಕರೆದ. ಅಲ್ಲಿಂದ ಡಾರಿನ್ ಬಾಗಿಲಿಗೆ ಬಂದು, ಕರೆದದ್ದು ಅರ್ಥವಾಗದವನಂತೆ, ಕೈಬೀಸಿ ಒಳಗೆ ಹೋದ. ಆ ಸಲ ಬಂದದ್ದು ಬರೀ ಮಳೆ. ಆದರೆ ಅದು ಬರೀ ಮಳೆ ಎಂದು ತಿಳಿಯುವವರೆಗೆ ಆಲ್ಬಿನಾ ಜಪಮಾಲೆ ಹಿಡಿದ ಕೈ ಬಿಡಲಿಲ್ಲ.

ಮರುದಿನ ಹೋಗಿ ಕೇಳಿದಳು. "ಯಾಕೆ ಬರ್ಲಿಲ್ಲ?"

"ಅಷ್ಟೇನೂ ಜೋರಿರ್ಲಿಲ್ಲ ಅಲ್ವಾ," ಎಂದಳು ಕೆಂಡ್ರಾ. ಅಡುಗೆಕೋಣೆಯ ಸಿಂಕಿನ ಪಕ್ಕ ಬೀಟ್ರೂಟಿನ ಎರಡು ಖಾಲಿ ಜಾಡಿ, ಫಳಫಳ ತೊಳೆದು, ಬೋರಲು ಹಾಕಿದ್ದವು. ಆಲ್ಬಿನಾಳ ಕಣ್ಣು ಅಲ್ಲಿಗೆ ಹೋದದ್ದನ್ನು ಕೆಂಡ್ರಾ ನೋಡಿದಳು, ಕೆಂಪಗಾದಳು.

"ಜಾಡಿ ವಾಪಸ್ ಕೊಡ್ಬೇಕು ಅಂತಾನೇ ಇದೀನಿ. ಏನಾದ್ರೂ ತುಂಬಿ ಕೊಡೋಣ ಅಂತ. ಈ ವಾರ ಎರಡು ಪಾಳಿ ಬಿತ್ತು, ಏನೂ ಮಾಡೋಕೇ ಆಗ್ಲಿಲ್ಲ. ನೀವು ಅಷ್ಟು ಕೊಲಾಚಿ ಕೊಟ್ಟಿದೀರಾ. ಖಾಲಿ ಜಾಡಿ ಹಿಡ್ಕೊಂಡು ಮತ್ತೆ ನಿಮ್ಮ ಮನೆ ಬಾಗಿಲಿಗೆ ಹೇಗೆ ಬರ್ಲಿ, ಹೇಳಿ? ಡಾರಿನ್ ಕೂಡ ಅಂದ, ಒಂದ್ಸಲ ಹೋಗಿದೀವಿ, ಸೈರನ್ ಕೂಗಿದಾಗೆಲ್ಲಾ ಹೋಗ್ತಾ ಇದ್ರೆ ಏನ್ ಅಂದ್ಕೊಳ್ತಾರೆ ಅಂತ."

ಆಲ್ಬಿನಾ ರಸ್ತೆ ದಾಟಿ ಮನೆಗೆ ಬಂದು ಅಡುಗೆಕೋಣೆಯ ಕುರ್ಚಿಯಲ್ಲಿ ಕೂತಳು. ಆ ಹುಡುಗಿಯನ್ನು ಮನೆಯಲ್ಲಿ ಕಟ್ಟಿಹಾಕಿದ್ದು ತಾನೇ, ತನ್ನ ಕೊಲಾಚಿಯೇ. ಇನ್ನೊಂದು ಸಲ ಕೊಟ್ಟರೆ ಗಂಟು ಇನ್ನೂ ಬಿಗಿಯುತ್ತದೆ. ಕೊಡದಿದ್ದರೆ ಮುನಿಸಿಕೊಂಡರೇನೋ ಎಂದು ಇನ್ನೂ ದೂರ ನಿಲ್ಲುತ್ತಾಳೆ. ಏನೂ ತರಬೇಡ ಎಂದರೆ ಖಂಡಿತ ತರುತ್ತಾಳೆ. ಹಾಗೆ ಹೇಳಿಸಿಕೊಂಡು ಆಲ್ಬಿನಾ ತಾನೇ ಎಷ್ಟು ಮನೆಗೆ ಒಯ್ದಿಲ್ಲ! ಜೂನ್ ಇನ್ನೂ ಪೂರ್ತಿ ಉಳಿದಿತ್ತು. ದೊಡ್ಡ ಗಾಳಿಗಳೆಲ್ಲ ಬರುವುದು ಜೂನ್‌ನಲ್ಲೇ.

ಊಟದ ಹೊತ್ತಿಗೆ ಅವಳಿಗೆ ದಾರಿ ಹೊಳೆಯಿತು. ಕೊಡುವುದನ್ನು ನಿಲ್ಲಿಸಬೇಕು. ಕೇಳಬೇಕು.

"ನಾನು ಕೆಂಡ್ರಾ ಹತ್ರ ಹೋಗಿ ಹೇಳ್ತೀನಿ, ನಿನ್ನ ಭುಜ ಹೋಗಿದೆ, ನೆಲಮಾಳಿಗೆ ಬಾಗಿಲು ಎಳೆಯೋಕೆ ಆಗಲ್ಲ ಅಂತ," ಎಂದಳು ಲೂಮಿರ್‌ಗೆ.

ಅವನು ಚಮಚ ಕೆಳಗಿಟ್ಟ. "ನನ್ನ ಭುಜಕ್ಕೆ ಏನೂ ಆಗಿಲ್ಲ."

"ನಿನ್ನೆ ಕೆಚಪ್ ಬಾಟ್ಲಿ ಮುಚ್ಚಳ ತೆಗೀತಾ ಬೈಕೊಂಡೆ."

"ಅದು ಬಾಟ್ಲಿ ತಪ್ಪು."

"ಲೂಮಿರ್."

"ಊರಿಗೆಲ್ಲಾ ಹೇಳ್ಕೊಂಡು ಬಾ, ಪೊಕೋರ್ನಿ ಮುದುಕ ಕೈಲಾಗದೋನಾದ ಅಂತ. ನಾಳೆ ಗೋದಾಮಿನ ಕಾಫಿ ಮೇಜಲ್ಲಿ ನನ್ನ ಬಿಟ್ರೆ ಬೇರೆ ಮಾತೇ ಇರಲ್ಲ."

"ಸಹಾಯ ಮಾಡ್ತೀವಿ ಅಂದ್ರೆ ಅವರು ಬರಲ್ಲ. ಸಹಾಯ ಮಾಡಿ ಅಂದ್ರೆ ಬರ್ತಾರೆ. ಆ ಮಗು ನೋಡಿದ್ಯಲ್ಲ ನೀನು, ಹೆಲ್ಮೆಟ್ ಹಾಕ್ಕೊಂಡು ಅಮ್ಮನ ಸೊಂಟದಲ್ಲಿ ಬಂದಿದ್ದು."

ಲೂಮಿರ್ ಸೂಪು ಪೂರ್ತಿ ಕುಡಿದ. ಬ್ರೆಡ್ಡಿನ ತುಂಡಿನಿಂದ ಬಟ್ಟಲು ಒರೆಸಿದ. ಕಿಟಕಿಯಾಚೆ ನೋಡಿದ. ಅವನ ಅಪ್ಪ, ಅಜ್ಜ ಎಳೆದ ಬಾಗಿಲು ಅದು. ಮದುವೆಯಾಗಿ ಬಂದಂದಿನಿಂದ ಆಲ್ಬಿನಾ ಅದನ್ನು ಎಳೆಯಲು ಬೇರೆ ಯಾರನ್ನೂ ಕೇಳಿರಲಿಲ್ಲ. ಈ ಮಾತು ಉಪಾಯಕ್ಕೆಂದು ಶುರುವಾದದ್ದು. ಆದರೆ ಹೇಳುತ್ತಿರುವಾಗ, ಇದು ಉಪಾಯವಲ್ಲ, ನಿಜವೇ ಎಂದು ಇಬ್ಬರಿಗೂ ಗೊತ್ತಾಗಿತ್ತು.

"ಎಡ ಭುಜ ಅಂತ ಹೇಳು," ಎಂದ ಕೊನೆಗೆ. "ಬಲದ್ದು ಚೆನ್ನಾಗಿದೆ ಅಂತಾನೂ ಹೇಳು."

ಕೆಂಡ್ರಾ ಕೇಳಿಸಿಕೊಂಡದ್ದೇ ತಡ, ಎಣ್ಣೆ ಹಾಕಿದ ದೀಪದಂತಾದಳು. "ಮೊದ್ಲೇ ಹೇಳ್ಬಾರ್ದಾ ನೀವು! ಅವರು ಒಬ್ರೇ ಆ ಭಾರದ ಬಾಗಿಲು ಎಳೀತಿದ್ರಾ? ಡಾರಿನ್, ಕೇಳಿದ್ಯಾ?"

"ನಿಮಗೆ ತೊಂದ್ರೆ ಆಗುತ್ತೇನೋ," ಎಂದಳು ಆಲ್ಬಿನಾ, ಸುಮ್ಮನಿರಲಾಗದೆ.

"ತೊಂದ್ರೆ ಎಂಥದ್ದು!"

"ಸೈರನ್ ಕೂಗಿದಾಗೆಲ್ಲಾ ಬರ್ಬೇಕಾಗುತ್ತೆ. ಮೋಡ ನೋಡಿ ಬರೋಣ ಬಿಡೋಣ ಅಂದ್ರೆ ಆಗಲ್ಲ. ಬಾಗಿಲು ಹಾಕೋರಿಲ್ದೆ ನಾನು ತೆರೆದ ಬಾಗಿಲ ಕೆಳಗೆ ಕೂತಿರ್ತೀನಿ."

"ಮೊದಲ ಕೂಗಿಗೇ ಇರ್ತೀನಿ. ನೀವು ಯೋಚ್ನೆ ಬಿಡಿ."

ಈ ಸಲ ಅವಳು ಮೂರನೇ ಸಲದವರೆಗೆ ಕಾಯಲಿಲ್ಲ. ಆಲ್ಬಿನಾ ಅದನ್ನು ಗಮನಿಸಿದಳು.

ಆ ಶನಿವಾರ ಡಾರಿನ್ ಬಂದು ಬಾಗಿಲ ಕೀಲುಗಳಿಗೆ ಎಣ್ಣೆ ಬಿಟ್ಟ, ಒಳಗಿನಿಂದ ಎಳೆಯಲು ದಪ್ಪ ಹಗ್ಗ ಕಟ್ಟಿದ. ಆಲ್ಬಿನಾ ನೆಲಮಾಳಿಗೆಯ ಕೆಳಗಿನ ಹಲಗೆಯ ಜಾಡಿಗಳನ್ನೆಲ್ಲ ತೆಗೆದು ಚರ್ಚಿನ ಊಟಕ್ಕೆ ಕೊಟ್ಟುಬಿಟ್ಟಳು. ಖಾಲಿಯಾದ ಜಾಗದಲ್ಲಿ ಕೆಂಡ್ರಾ ಮಗುವಿನ ಡಯಾಪರು, ನೀರು, ಹಳೆಯ ಬೂಟುಗಳು, ಒಂದು ಬಟ್ಟೆಯ ಮೊಲ, ಇಷ್ಟನ್ನು ತಂದಿಟ್ಟಳು. ಮೊಲವನ್ನು ಅಲ್ಲಿಡುವುದು ಹೇಝಲ್‌ಗೆ ಒಪ್ಪಿಗೆಯಿರಲಿಲ್ಲ. ದೊಡ್ಡ ರಂಪವಾಯಿತು. ಕೊನೆಗೆ ಮೊಲ ಮನೆಗೆ ಹೋಯಿತು, ಬದಲಿಗೆ ಒಂದು ಬಟ್ಟೆಯ ಬಾತುಕೋಳಿ ಬಂತು.

"ನನ್ನ ಮಾತಿಗೆ ಇಷ್ಟು ವರ್ಷದಲ್ಲಿ ಒಂದು ಜಾಡಿ ಅಲ್ಲಾಡ್ಲಿಲ್ಲ," ಎಂದು ಲೂಮಿರ್ ಡಾರಿನ್‌ಗೆ ಹೇಳಿದ.

"ನಿಮ್ಮ ಭುಜ ಹೇಗಿದೆ?"

"ಎಡದ್ದು ಕೇಳ್ತಿದೀಯಾ, ಬಲದ್ದಾ?"

ಜೂನ್ ನಡುವಿನ ಒಂದು ಮಧ್ಯಾಹ್ನ, ಗಾಳಿಯೇ ಇಲ್ಲದೆ, ಮೈಗೆ ಬಟ್ಟೆ ಅಂಟಿಕೊಳ್ಳುವ ಸೆಕೆ. ಬೆಳಿಗ್ಗೆಯಿಂದಲೇ ರೇಡಿಯೋ ಎಚ್ಚರಿಕೆ ಹೇಳುತ್ತಿತ್ತು. ಸೈರನ್ ಎದ್ದಾಗ ಆಲ್ಬಿನಾ ಕೈ ಹಿಟ್ಟಾಗಿತ್ತು. ಅವಳು ಕೈ ತೊಳೆದು ಹಿಂಬಾಗಿಲಿಗೆ ಬರುವುದರೊಳಗೆ ಕೆಂಡ್ರಾಳ ಕಾರು ಅಂಗಳದಲ್ಲಿತ್ತು, ನೆಲಮಾಳಿಗೆಯ ಬಾಗಿಲು ತೆರೆದಿತ್ತು. ಹೆಲ್ಮೆಟ್ ತೊಟ್ಟ ಹೇಝಲ್ ಮೆಟ್ಟಿಲ ಮೇಲೆ ಕೂತು ಬಾತುಕೋಳಿ ಬೇಕು ಎನ್ನುತ್ತಿದ್ದಳು. ಕೆಂಡ್ರಾ ಕೆಲಸದ ಅಂಗಿಯಲ್ಲೇ, ಒಂದು ಕೈ ಸೊಂಟಕ್ಕೂ ಒಂದು ಕೈ ಹಗ್ಗಕ್ಕೂ ಇಟ್ಟು ನಿಂತಿದ್ದಳು. ಟ್ರೇ ಇರಲಿಲ್ಲ, ಜಾಡಿ ಇರಲಿಲ್ಲ.

"ಇಳೀರಿ ಇಳೀರಿ! ಡಾರಿನ್ ಗೋದಾಮಿನ ತಳಮನೇಲಿದಾನೆ, ಈಗ ಫೋನ್ ಮಾಡಿದ್ದ."

ಆಲ್ಬಿನಾ ಇಳಿದಳು. ಲೂಮಿರ್ ಅಂಗಳದ ನಡುವೆ ಕೈಕಟ್ಟಿ ನಿಂತಿದ್ದ.

"ಮಿಸ್ಟರ್ ಪೊಕೋರ್ನಿ! ಬನ್ನಿ ಒಳಗೆ!" ಎಂದು ಕೆಂಡ್ರಾ ಕೂಗಿದಳು.

"ನೀವು ಹಾಕ್ಕೊಳ್ಳಿ. ನಾನು ಸ್ವಲ್ಪ ನೋಡ್ತೀನಿ."

"ನೀವು ಬರೋವರೆಗೂ ನಾನು ಬಾಗಿಲು ಹಾಕಲ್ಲ. ನಿಮಗೋಸ್ಕರ ತಾನೇ ನಾನು ಬಂದಿರೋದು? ಮಗು ಇದೆ ಇಲ್ಲಿ, ಬೇಗ!"

ಅವನು ಆಕಾಶ ನೋಡಿದ. ತೆರೆದ ಬಾಗಿಲು ನೋಡಿದ. ಯಾರೂ ಅವನೊಂದಿಗೆ ಹಾಗೆ ಮಾತಾಡಿರಲಿಲ್ಲ; ಹೆಂಡತಿಯೂ ಕರೆಯುವುದನ್ನು ಬಿಟ್ಟುಬಿಟ್ಟಿದ್ದಳು. ದುಡುದುಡು ಬಂದು ತಲೆ ಬಗ್ಗಿಸಿ ಮೆಟ್ಟಿಲಿಳಿದ. ಕೆಂಡ್ರಾ ಹಗ್ಗಕ್ಕೆ ಮೈಭಾರ ಬಿಟ್ಟು ಎಳೆದಳು. ಬಾಗಿಲು ಧಡ್ ಎಂದು ಮುಚ್ಚಿತು.

"ಇಷ್ಟು ಇಕ್ಕಟ್ಟಿದೆಯಾ ಇಲ್ಲಿ?" ಎಂದ ಲೂಮಿರ್ ಕತ್ತಲಲ್ಲಿ.

"ಬಂದಿದ್ರೆ ತಾನೇ ಗೊತ್ತಾಗೋದು," ಎಂದಳು ಆಲ್ಬಿನಾ.

ಆಮೇಲೆ ಮಾತಾಡಲು ಆಗಲಿಲ್ಲ. ಕಿವಿ ಒಳಕ್ಕೆ ಸೆಳೆದಂತಾಯಿತು. ತಲೆಯ ಮೇಲೆ ಭಾರದ ಗಾಡಿಯೊಂದು ನಿಲ್ಲದೆ ಉರುಳಿತು. ಜಾಡಿಗಳು ಒಂದಕ್ಕೊಂದು ತಾಗಿ ಹಲ್ಲು ಕಡಿದವು. ಬಾಗಿಲು ಮೇಲಕ್ಕೆ ಜಗ್ಗಿತು. ಕೆಂಡ್ರಾ ಹಗ್ಗಕ್ಕೆ ಜೋತುಬಿದ್ದಳು, ಲೂಮಿರ್ ಅವಳ ಕೈಯ ಮೇಲೆ ತನ್ನ ಬಲಗೈ ಹಾಕಿ ಹಿಡಿದ. ಆಲ್ಬಿನಾ ಮಗುವನ್ನು ಮಡಿಲಿಗೆ ಎಳೆದುಕೊಂಡು, ಅದರ ಹೆಲ್ಮೆಟ್ ಮೇಲೆ ಗಲ್ಲವೂರಿ, ಬಾಲ್ಯದ ಜೆಕ್ ಭಾಷೆಯಲ್ಲಿ ದೇವರನ್ನು ಕರೆದಳು. ಮಗು ಬಾತುಕೋಳಿಯ ಕಿವಿ ಮುಚ್ಚಿತು.

ಆಮೇಲೆ ಎಲ್ಲ ನಿಂತಿತು.

ಮೊದಲು ಹೊರಗೆ ಬಂದವಳು ಕೆಂಡ್ರಾ. ಆಲ್ಬಿನಾಳ ಮನೆ ಇತ್ತು, ಒಂದಿಷ್ಟು ಹೆಂಚು ಹೋಗಿತ್ತು. ಬಟ್ಟೆಯ ತಂತಿ ಕಂಬಗಳ ಸಮೇತ ಮಾಯವಾಗಿತ್ತು. ರಸ್ತೆಯಾಚೆ ಇಟ್ಟಿಗೆ ಕಂಬಗಳ ಮೇಲೆ ಏನೂ ಇರಲಿಲ್ಲ. ಟ್ರೈಲರ್ ಮನೆ ಸೋಯಾ ಹೊಲದ ನಡುವೆ ಮಗ್ಗುಲಾಗಿ ಬಿದ್ದು, ಉದ್ದಕ್ಕೆ ಸೀಳಿ, ಪರದೆಗಳು ಹೊರಗೆ ಹಾರಾಡುತ್ತಿದ್ದವು.

ಕೆಂಡ್ರಾ ನೋಡುತ್ತಾ ನಿಂತಳು. ಅವಳು ಅಳಲಿಲ್ಲ. ಆಲ್ಬಿನಾ ಹತ್ತಿರ ಹೋಗಿ ನಿಂತಳು. ಲೂಮಿರ್ ಈ ಸಲ ಆಕಾಶ ನೋಡಲಿಲ್ಲ.

ಅಷ್ಟರಲ್ಲಿ ಪೇಟೆಯ ಕಡೆಯಿಂದ ಡಾರಿನ್‌ನ ಪಿಕಪ್ ಧೂಳೆಬ್ಬಿಸುತ್ತಾ ಬಂತು. ಹೊಲದಲ್ಲಿ ಬಿದ್ದ ಮನೆ ಕಂಡು ಅದು ರಸ್ತೆಯ ನಡುವೆಯೇ ನಿಂತುಬಿಟ್ಟಿತು. ಬಾಗಿಲು ತೆರೆದು ಇಳಿದವನು ಒಂದು ಹೆಜ್ಜೆಯನ್ನೂ ಇಡಲಾರದೆ ನಿಂತಿದ್ದ.

"ಇಲ್ಲೋ! ಈ ಕಡೆ ನೋಡೋ!" ಎಂದು ಲೂಮಿರ್ ಗಂಟಲು ಹರಿಯುವಂತೆ ಕೂಗಿ, ನೋಯುವ ಕೈಯನ್ನೂ ಸೇರಿಸಿ ಎರಡೂ ಕೈ ಎತ್ತಿ ಬೀಸಿದ. ಡಾರಿನ್ ತಿರುಗಿದ. ಹೆಂಡತಿ, ಹೆಲ್ಮೆಟ್ ತೊಟ್ಟ ಮಗು ಕಂಡರು. ಓಡಿಬಂದು ಇಬ್ಬರನ್ನೂ ಒಟ್ಟಿಗೆ ತಬ್ಬಿಕೊಂಡ. ಹೆಲ್ಮೆಟ್ ಅವನ ಹಲ್ಲಿಗೆ ಬಡಿಯಿತು.

ಸಂಜೆಯೊಳಗೆ ರಸ್ತೆಯವರೆಲ್ಲ ಬಂದರು. ಗರಗಸ, ಟಾರ್ಪಾಲು, ಹಗ್ಗ ತಂದರು. ಹೊಲದಿಂದ ತೊಟ್ಟಿಲು ಸಿಕ್ಕಿತು, ಚಪ್ಪಲಿ ಸಿಕ್ಕಿತು, ಒದ್ದೆಯಾದ ಫೋಟೋಗಳು ಸಿಕ್ಕವು. ಬಂದವರಲ್ಲಿ ಒಬ್ಬರು, "ಇವತ್ತು ರಾತ್ರಿ ನಮ್ಮಲ್ಲಿರಿ," ಎಂದರು. "ನಿಮಗೆ ತೊಂದ್ರೆ," ಎಂದ ಡಾರಿನ್ ಅಭ್ಯಾಸಬಲದಿಂದ. ಆಲ್ಬಿನಾ ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು. ಈಗ ತಾನು ಕರೆದರೆ, ಅದೂ ಕೊಲಾಚಿಯ ಹಾಗೆ ಇನ್ನೊಂದು ಋಣವಾಗುತ್ತದೆ.

ಕೆಂಡ್ರಾ ಮಗುವನ್ನು ಗಂಡನ ಕೈಗೆ ಕೊಟ್ಟು ಆಲ್ಬಿನಾಳ ಕಡೆ ತಿರುಗಿದಳು. ಅವಳ ಕೂದಲಲ್ಲಿ ಹುಲ್ಲು ಸಿಕ್ಕಿಕೊಂಡಿತ್ತು.

"ಆಲ್ಬಿನಾ," ಎಂದಳು, ಮೊದಲ ಸಲ ಹೆಸರು ಹಿಡಿದು. "ಹೊಟ್ಟೆ ಹಸಿದಿದೆ. ಏನಿದೆ ಮನೇಲಿ?"

"ನಿನ್ನೆದು ಬಾತುಕೋಳಿ ಮಾಂಸ ಸ್ವಲ್ಪ ಇದೆ. ಫ್ರಿಜ್‌ನಲ್ಲಿ ಹಿಂದುಗಡೆ."

"ಬಿಸಿ ಮಾಡ್ತೀನಿ. ನಾವು ಮೇಲಿನ ಕೋಣೇಲಿ ಮಲಗ್ತೀವಿ, ಅಲ್ಲಿರೋ ಮಂಚ ಸಾಕು ನಮಗೆ," ಎಂದು ಹೇಳಿ, ಉತ್ತರಕ್ಕೂ ಕಾಯದೆ, ಬೂಟು ಹೊಸ್ತಿಲಲ್ಲಿ ಬಿಟ್ಟು ಒಳಗೆ ಹೋದಳು.

ಪಾತ್ರೆಯ ಸದ್ದು ಕೇಳಿಸಿತು. ಫ್ರಿಜ್ಜಿನ ಬಾಗಿಲು ತೆರೆದು ಮುಚ್ಚಿದ್ದು, ಒಲೆ ಹತ್ತಿದ್ದು ಕೇಳಿಸಿತು. ಆಲ್ಬಿನಾ ಒಳಗೆ ಹೋಗಲು ಅವಸರ ಮಾಡಲಿಲ್ಲ. ಮೆಟ್ಟಿಲ ಮೇಲೆ ಗಂಡನ ಪಕ್ಕ ಕೂತು, ತನ್ನ ಅಡುಗೆಕೋಣೆಯಲ್ಲಿ ಇನ್ನೊಬ್ಬಳು ಉಪ್ಪು ಎಲ್ಲಿದೆ ಎಂದು ಹುಡುಕುವುದನ್ನು ಕೇಳುತ್ತಿದ್ದಳು.